ಬಾನೆಟ್ ಕೆಳಗೆ ಸ್ಪ್ರೇ ಹೊಡೆಯುವ ಮುಂಚೆ: ಕಣ್ಣಿಗೆ ಕಾಣದ ಆವಿಯನ್ನು ತಿಳಿದುಕೊಳ್ಳೋಣ

ದಸರಾ ಹತ್ತಿರ ಬಂತು ಅಂದರೆ ಮೈಸೂರು, ಮಂಡ್ಯದ ಬೀದಿಗಳಲ್ಲಿ ಗಾಡಿ ತೊಳೆಯುವ ಸಡಗರ ಶುರುವಾಗುತ್ತದೆ. ಆಯುಧಪೂಜೆಯ ಹಿಂದಿನ ಸಂಜೆಯೇ ಬಕೆಟ್ಟು, ಪೈಪು, ಹಳೇ ಬನಿಯನ್ ಬಟ್ಟೆ ಎಲ್ಲಾ ಬಾಗಿಲ ಮುಂದೆ ಬರುತ್ತವೆ. ಮೊದಲೆಲ್ಲ ಹೊರಮೈ ತೊಳೆದು, ಟೈರಿಗೆ ಕಪ್ಪು ಹಚ್ಚಿದರೆ ಕೆಲಸ ಮುಗಿಯುತ್ತಿತ್ತು. ಈಗ ಬಾನೆಟ್ ಎತ್ತಿದರೆ ಎಂಜಿನ್ನೂ ಮಿಂಚಬೇಕು. ಅದಕ್ಕೆ ಬೇಕಾದ ಸ್ಪ್ರೇ ಡಬ್ಬಗಳು ಸ್ಪೇರ್‌ಪಾರ್ಟ್ಸ್ ಅಂಗಡಿಯಲ್ಲೂ ಸಿಗುತ್ತವೆ, ಫೋನಿನಲ್ಲಿ ಆರ್ಡರ್ ಮಾಡಿದರೆ ಮನೆಗೂ ಬರುತ್ತವೆ. ಜಿಡ್ಡು ತೆಗೆಯುವ ಡಿಗ್ರೀಸರ್, ತುಕ್ಕು ಬಿಡಿಸುವ ಸ್ಪ್ರೇ, ಬ್ರೇಕ್ ಕ್ಲೀನರ್, ಕಾರ್ಬ್ಯುರೇಟರ್ ಶುದ್ಧ ಮಾಡುವ ಕಾರ್ಬ್ ಕ್ಲೀನರ್, ಎಂಜಿನ್ನಿಗೆ ಹೊಳಪು ಕೊಡುವುದು, ಇಲಿ ಬಾರದ ಹಾಗೆ ಹೊಡೆಯುವುದು, ಹೀಗೆ ಒಂದಲ್ಲ ಹತ್ತು ಬಗೆ.

ಮಾರನೇ ದಿನ ಅದೇ ಬಾನೆಟ್ ಮುಂದೆ ನಿಂತು ಕರ್ಪೂರ ಹಚ್ಚುತ್ತೇವೆ. ಕೆಲವು ಮನೆಗಳಲ್ಲಿ ಮಾರನೇ ದಿನದವರೆಗೂ ಹೋಗುವುದಿಲ್ಲ. ಬೆಳಿಗ್ಗೆ ಸ್ಪ್ರೇ ಹೊಡೆದು ಒರೆಸಿ, ಅರ್ಧ ಗಂಟೆಗೆ ಆರತಿ.

ಈ ಎರಡರ ನಡುವೆ ಎಷ್ಟು ಹೊತ್ತು ಬಿಡಬೇಕು? ಎಂಜಿನ್ ಬಿಸಿ ಇದ್ದಾಗ ಹೊಡೆದರೆ ಏನಾಗುತ್ತದೆ? ಬ್ಯಾಟರಿ ಬಿಚ್ಚಲೇಬೇಕಾ? ಡಬ್ಬದ ಮೇಲೆ ಬೆಂಕಿಯ ಚಿತ್ರ ಇಲ್ಲದಿದ್ದರೆ ಅಪಾಯ ಇಲ್ಲ ಅಂತಲಾ? ಇದಕ್ಕೆಲ್ಲ ಉತ್ತರ ಬೇಕಾದರೆ ಡಬ್ಬದೊಳಗೆ ಏನಿದೆ ಅನ್ನುವುದರಿಂದ ಶುರು ಮಾಡಬೇಕು.

ಡಬ್ಬದೊಳಗೆ ಏನೇನಿದೆ?

ಸ್ಪ್ರೇ ಡಬ್ಬಕ್ಕೆ ಏರೋಸಾಲ್ ಅನ್ನುತ್ತಾರೆ. ಅದರೊಳಗೆ ಎರಡು ವಸ್ತು ಇರುತ್ತವೆ. ಒಂದು, ನಾವು ದುಡ್ಡು ಕೊಟ್ಟು ಕೊಂಡ ಮಾಲು: ಎಣ್ಣೆ, ಕ್ಲೀನರ್, ಪೇಂಟು. ಇನ್ನೊಂದು, ಆ ಮಾಲನ್ನು ಹೊರಗೆ ತಳ್ಳುವ ಅನಿಲ. ಗುಂಡಿ ಒತ್ತಿದಾಗ 'ಚುಸ್' ಅಂತ ಸದ್ದು ಬರುವುದು ಈ ಅನಿಲದ ಒತ್ತಡದಿಂದ.

ತುಂಬಾ ಡಬ್ಬಗಳಲ್ಲಿ ಈ ತಳ್ಳುವ ಅನಿಲ ಯಾವುದು ಗೊತ್ತಾ? ಪ್ರೊಪೇನ್, ಬ್ಯೂಟೇನ್, ಐಸೊಬ್ಯೂಟೇನ್. ಅಂದರೆ ಅಡುಗೆಮನೆಯ ಸಿಲಿಂಡರಿನಲ್ಲಿ ಇರುವ ಎಲ್‌ಪಿಜಿಯೇ. ಹಿಂದೆ ಈ ಜಾಗದಲ್ಲಿ ಸಿಎಫ್‌ಸಿ ಅನ್ನುವ ಅನಿಲಗಳಿದ್ದವು. ಅವಕ್ಕೆ ಬೆಂಕಿ ಹತ್ತುತ್ತಿರಲಿಲ್ಲ, ಆದರೆ ಓಜೋನ್ ಪದರವನ್ನು ಹಾಳು ಮಾಡುತ್ತಿದ್ದವು. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಜಗತ್ತಿನಾದ್ಯಂತ ಅವನ್ನು ಕೈಬಿಡುತ್ತಾ ಬಂದರು. ಅವುಗಳ ಜಾಗಕ್ಕೆ ಬಂದದ್ದರಲ್ಲಿ ಹೆಚ್ಚಿನ ಪಾಲು ಈ ಉರಿಯುವ ಅನಿಲಗಳದ್ದು.

ಅಡುಗೆ ಗ್ಯಾಸಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಎಲ್‌ಪಿಜಿಗೆ ತನ್ನದೇ ಅಂತ ಜೋರಾದ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತ ಅಡುಗೆ ಗ್ಯಾಸಿಗೆ ಮರ್‌ಕ್ಯಾಪ್ಟನ್ ಎಂಬ ಕೆಟ್ಟ ವಾಸನೆಯ ರಾಸಾಯನಿಕ ಬೆರೆಸುತ್ತಾರೆ. ಸ್ಪ್ರೇ ಡಬ್ಬಕ್ಕೆ ತುಂಬುವ ಅನಿಲಕ್ಕೆ ಅದನ್ನು ಬೆರೆಸುವುದಿಲ್ಲ. ಹಾಗಾಗಿ ಮನೆಯಲ್ಲಿ ಗ್ಯಾಸ್ ಸೋರಿದಾಗ ಮೂಗು ಕೊಡುವ ಎಚ್ಚರಿಕೆ ಬಾನೆಟ್ ಹತ್ತಿರ ಸಿಗುವುದಿಲ್ಲ. ಸ್ಪ್ರೇ ವಾಸನೆ ಹೋಯಿತು ಅಂದ ಮಾತ್ರಕ್ಕೆ ಅನಿಲವೂ ಹೋಯಿತು ಅಂತ ಅಂದುಕೊಳ್ಳುವ ಹಾಗಿಲ್ಲ.

ಒಳಗೆ ಇರುವಾಗ ಈ ಅನಿಲದ ಹೆಚ್ಚು ಭಾಗ ಒತ್ತಡಕ್ಕೆ ದ್ರವವಾಗಿ ಕೂತಿರುತ್ತದೆ. ಡಬ್ಬ ಅಲ್ಲಾಡಿಸಿದಾಗ ಕುಲುಕುವುದು ಬರೀ ಎಣ್ಣೆಯಲ್ಲ, ಅದೂ ಸೇರಿರುತ್ತದೆ. ಹೊರಗೆ ಬಂದ ಕೂಡಲೇ ಆವಿಯಾಗಿ ಇನ್ನೂರು ಪಟ್ಟಿಗಿಂತ ಜಾಸ್ತಿ ಹಿಗ್ಗುತ್ತದೆ. ಜಾಸ್ತಿ ಹೊತ್ತು ಒತ್ತಿ ಹಿಡಿದರೆ ಡಬ್ಬ ಕೈಗೆ ತಣ್ಣಗಾಗುವುದು ಇದೇ ಕಾರಣಕ್ಕೆ. ಆವಿಯಾಗಲು ಬೇಕಾದ ಶಾಖವನ್ನು ಅದು ಡಬ್ಬದಿಂದಲೇ ಎಳೆದುಕೊಳ್ಳುತ್ತದೆ.

ಇನ್ನೊಂದು ವಿಷಯ. ಬ್ಯೂಟೇನ್ ಗಾಳಿಗಿಂತ ಎರಡು ಪಟ್ಟು ಭಾರ, ಪ್ರೊಪೇನ್ ಒಂದೂವರೆ ಪಟ್ಟು. ಹಾಗಾಗಿ ಮೇಲಕ್ಕೆ ಹಾರಿಹೋಗುವುದಿಲ್ಲ. ಎಂಜಿನ್ ಸಂದಿಯಿಂದ ಇಳಿದು ನೆಲದ ಮೇಲೆ ಹರಿಯುತ್ತದೆ. ಗಾಡಿ ಕೆಳಗೆ ಇಳಿದು ಕೆಲಸ ಮಾಡಲು ಗ್ಯಾರೇಜಿನಲ್ಲಿ ತೋಡಿರುವ ಗುಂಡಿ, ಚರಂಡಿ, ಬೇಸ್‌ಮೆಂಟ್ ಪಾರ್ಕಿಂಗಿನ ಮೂಲೆ, ಇಂಥ ತಗ್ಗಿನಲ್ಲಿ ಸೇರಿಕೊಳ್ಳುತ್ತದೆ. ಹೊಡೆದವರು ಇಲ್ಲಿ ನಿಂತಿದ್ದರೆ, ಅದಕ್ಕೆ ಬೆಂಕಿ ಸಿಗುವುದು ನಾಲ್ಕು ಅಡಿ ಆಚೆ ಇರಬಹುದು.

ಕೆಲವು ಕಂಪನಿಗಳು ಕಾರ್ಬನ್ ಡೈಆಕ್ಸೈಡ್ ಅಥವಾ ನೈಟ್ರೋಜನ್ ತುಂಬುತ್ತವೆ. ಇವಕ್ಕೆ ಬೆಂಕಿ ಹತ್ತುವುದಿಲ್ಲ. ಆದರೆ ಜೊತೆಗಿರುವ ಮಾಲಿಗೆ ಹತ್ತಬಹುದಲ್ಲ! ಎಷ್ಟೋ ಬ್ರೇಕ್ ಕ್ಲೀನರುಗಳಲ್ಲಿ ಅಸಿಟೋನ್, ಹೆಪ್ಟೇನ್ ಇರುತ್ತವೆ. ತುಕ್ಕು ಬಿಡಿಸುವ ಸ್ಪ್ರೇಯಲ್ಲಿ ಸೀಮೆಎಣ್ಣೆಯ ಜಾತಿಯ ಪೆಟ್ರೋಲಿಯಂ ದ್ರಾವಕ ಇರುತ್ತದೆ. ಆದ್ದರಿಂದ ಅನಿಲ ಯಾವುದು ಅಂತ ಮಾತ್ರ ನೋಡಿದರೆ ಸಾಲದು.

ಉರಿಯುವುದು ಆವಿ

ಪೆಟ್ರೋಲ್ ಉರಿಯುತ್ತದೆ ಅನ್ನುತ್ತೇವೆ. ನಿಜಕ್ಕೂ ಉರಿಯುವುದು ಪೆಟ್ರೋಲಿನ ಮೇಲೆ ಎದ್ದ ಆವಿ. ಯಾವುದೇ ದ್ರವದಿಂದ ಬೆಂಕಿ ಹತ್ತುವಷ್ಟು ಆವಿ ಏಳಲು ಒಂದು ಮಟ್ಟದ ಬಿಸಿ ಬೇಕು. ಅದನ್ನು ಫ್ಲ್ಯಾಶ್ ಪಾಯಿಂಟ್ ಅನ್ನುತ್ತಾರೆ. ಪೆಟ್ರೋಲಿಗೆ ಅದು ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅಸಿಟೋನ್‌ಗೆ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೆ. ಐಸೊಪ್ರೊಪೈಲ್ ಆಲ್ಕೋಹಾಲಿಗೆ 12 ಡಿಗ್ರಿ ಆಸುಪಾಸು. ಡಿಸೆಂಬರ್ ಚಳಿಯಲ್ಲೂ ಮೈಸೂರಿನ ಬೆಳಗು ಈ ಮೂರಕ್ಕೂ ಸಾಕಷ್ಟು ಬೆಚ್ಚಗೇ ಇರುತ್ತದೆ. ಬಂಕಿನಲ್ಲಿ ಸಿಗುವ ಡೀಸೆಲ್‌ಗೆ ಕನಿಷ್ಠ 35 ಡಿಗ್ರಿ ಇರಬೇಕು ಅಂತ ಭಾರತದ ಮಾನದಂಡ ಹೇಳುತ್ತದೆ. ಪೆಟ್ರೋಲಿನಷ್ಟು ಬೇಗ ಡೀಸೆಲ್‌ಗೆ ಬೆಂಕಿ ತಗಲುವುದಿಲ್ಲ ಅನ್ನುವುದು ಅದಕ್ಕೇ.

ಆದರೆ ಈ ಲೆಕ್ಕ ಬಟ್ಟಲಲ್ಲಿ ನಿಂತ ದ್ರವಕ್ಕೆ. ಅದನ್ನೇ ಮಂಜಿನ ಹಾಗೆ ಸಿಂಪಡಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ. ಒಂದು ಚಮಚ ಎಣ್ಣೆ ಲಕ್ಷಾಂತರ ಸಣ್ಣ ಹನಿಗಳಾಗಿ ಒಡೆದಾಗ ಪ್ರತಿ ಹನಿಯ ಸುತ್ತಲೂ ಗಾಳಿ. ಒಂದು ಕಿಡಿ ತಗುಲಿದರೆ ಹನಿ ಅಲ್ಲೇ ಆವಿಯಾಗಿ, ಅಲ್ಲೇ ಉರಿದು, ಪಕ್ಕದ ಹನಿಗೂ ಹತ್ತಿಸುತ್ತದೆ. ಹಾಗಾಗಿ ಫ್ಲ್ಯಾಶ್ ಪಾಯಿಂಟ್ ಮುಟ್ಟದಿದ್ದರೂ ಮಂಜಿನ ರೂಪದ ಡೀಸೆಲ್‌ಗೆ ಬೆಂಕಿ ಹಿಡಿಯಬಹುದು. ವಾಟರ್ ಸರ್ವಿಸ್ ಮಾಡುವ ಕೆಲವು ಕಡೆ ಕಂಪ್ರೆಸರ್ ಗನ್ನಿನಿಂದ ಎಂಜಿನ್‌ಗೆ ಡೀಸೆಲ್ಲೋ ಸೀಮೆಎಣ್ಣೆಯೋ ಹೊಡೆಯುತ್ತಾರಲ್ಲ, ಅಲ್ಲಿ ಆಗುವುದೂ ಇದೇ. 'ಡೀಸೆಲ್ ತಾನೇ, ಏನಾಗಲ್ಲ ಬಿಡಿ' ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಆವಿ ಇದ್ದರೂ ಎಲ್ಲಾ ಸಲ ಹತ್ತುವುದಿಲ್ಲ. ಗಾಳಿಯಲ್ಲಿ ಅದು ತೀರಾ ಕಡಿಮೆಯೂ ಇರಬಾರದು, ತೀರಾ ಜಾಸ್ತಿಯೂ ಇರಬಾರದು. ಬ್ಯೂಟೇನ್ ಹತ್ತುವುದು ಗಾಳಿಯಲ್ಲಿ ಅದರ ಪಾಲು ಶೇ 1.8ರಿಂದ ಶೇ 8.4ರ ನಡುವೆ ಇದ್ದಾಗ. ಶೇ 1.8 ಅಂದರೆ ಎಷ್ಟು ಕಡಿಮೆ ನೋಡಿ. ಕಣ್ಣಿಗೆ ಏನೂ ಕಾಣುವುದಿಲ್ಲ. ಗಾಳಿ ಆಡುವ ಬಯಲಿನಲ್ಲಿ ಈ ಪಾಲು ಬೇಗ ಇಳಿದುಬಿಡುತ್ತದೆ. ಬಾನೆಟ್ ಅರ್ಧ ಮುಚ್ಚಿದ ಎಂಜಿನ್ ಸಂದಿಯಲ್ಲಿ, ಮಳೆ ಅಂತ ಶಟರ್ ಎಳೆದ ಶೆಡ್ಡಿನಲ್ಲಿ ಇಳಿಯುವುದಿಲ್ಲ. ಬಯಲಲ್ಲಿ ಕೆಲಸ ಮಾಡಿ ಅಂತ ಡಬ್ಬದ ಮೇಲೆ ಬರೆಯುವುದು ಬರೀ ವಾಸನೆ ತಪ್ಪಿಸಲಿಕ್ಕಲ್ಲ.

ಕಿಡಿ ಇಲ್ಲದೆಯೂ ಬೆಂಕಿ

ಒಗ್ಗರಣೆಗೆ ಇಟ್ಟ ಎಣ್ಣೆಯನ್ನು ಒಲೆ ಮೇಲೆ ಮರೆತುಬಿಟ್ಟರೆ ಮೊದಲು ಹೊಗೆ ಏಳುತ್ತದೆ. ಇನ್ನೂ ಬಿಟ್ಟರೆ, ಒಲೆಯ ಉರಿ ಎಣ್ಣೆಗೆ ತಾಕದಿದ್ದರೂ, ಬಾಣಲಿಯೊಳಗೇ ಧಗ್ಗನೆ ಹತ್ತಿಕೊಳ್ಳುತ್ತದೆ. ಬರೀ ಬಿಸಿಯಿಂದಲೇ ಹತ್ತುವ ಈ ಮಟ್ಟಕ್ಕೆ ಸ್ವಯಂ ದಹನ ಬಿಂದು ಅನ್ನುತ್ತಾರೆ. ಎಂಜಿನ್ ಹತ್ತಿರವೂ ಇದೇ ನಡೆಯುತ್ತದೆ, ಬಾಣಲಿಯ ಜಾಗದಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇರುತ್ತದೆ.

ಮ್ಯಾನಿಫೋಲ್ಡ್ ಅಂದರೆ ಎಂಜಿನ್ನಿನಲ್ಲಿ ಉರಿದ ಹೊಗೆ ಹೊರಬಿದ್ದು ಸೈಲೆನ್ಸರ್ ಕಡೆ ಹೋಗುವ ಮೊದಲ ಕೊಳವೆ. ಡ್ಯಾಶ್‌ಬೋರ್ಡಿನ ಬಿಸಿ ಮುಳ್ಳು ತೋರಿಸುವುದು ನೀರಿನ ಬಿಸಿಯನ್ನು. ಅದು ಸಾಮಾನ್ಯವಾಗಿ 90 ಡಿಗ್ರಿ ಆಸುಪಾಸು ಇರುತ್ತದೆ. ಮ್ಯಾನಿಫೋಲ್ಡ್ ಕತೆಯೇ ಬೇರೆ. ಎಕ್ಸ್‌ಪ್ರೆಸ್‌ವೇನಲ್ಲಿ ಬೆಂಗಳೂರಿನಿಂದ ಒಂದೇ ಉಸಿರಿಗೆ ಓಡಿಸಿಕೊಂಡು ಬಂದ ಕಾರಿನಲ್ಲಿ ಅದು 400 ಡಿಗ್ರಿ ದಾಟಿರುವುದು ಮಾಮೂಲಿ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಕೆಲಸ ನಡೆಯುವುದೇ ಸುಮಾರು 400ರಿಂದ 800 ಡಿಗ್ರಿಯಲ್ಲಿ. ಟರ್ಬೊ ಇರುವ ಗಾಡಿಯಲ್ಲಿ ಅದೂ ಕೆಂಡದಂತೆ ಕಾದಿರುತ್ತದೆ.

ಈಗ ಸ್ಪ್ರೇ ಕಡೆ ನೋಡಿ. ಕ್ಲೀನರುಗಳಲ್ಲಿ ಬಳಸುವ ಹೆಕ್ಸೇನ್, ಹೆಪ್ಟೇನ್ ದ್ರಾವಕಗಳ ಸ್ವಯಂ ದಹನ ಬಿಂದು 200ರಿಂದ 230 ಡಿಗ್ರಿಯ ಒಳಗೆ. ಸ್ಟಾರ್ಟ್ ಆಗದ ಎಂಜಿನ್‌ಗೆ ಹೊಡೆಯುವ ಸ್ಟಾರ್ಟಿಂಗ್ ಸ್ಪ್ರೇಯಲ್ಲಿ ಈಥರ್ ಇರುತ್ತದೆ. ಅದಕ್ಕೆ 160ರಿಂದ 180 ಡಿಗ್ರಿ ಸಾಕು. ಅಸಿಟೋನ್‌ಗೆ 465 ಡಿಗ್ರಿ ಬೇಕು. ಇವು ಪ್ರಯೋಗಾಲಯದ ಮುಚ್ಚಿದ ಪಾತ್ರೆಯಲ್ಲಿ ಅಳೆದ ಸಂಖ್ಯೆಗಳು. ಬಯಲಲ್ಲಿ ಆವಿ ಚದುರಿ ಹೋಗುವುದರಿಂದ ಇದಕ್ಕಿಂತ ಜಾಸ್ತಿ ಬಿಸಿ ಬೇಕಾಗುತ್ತದೆ. ಹಾಗಂತ ಧೈರ್ಯ ತಂದುಕೊಳ್ಳಬೇಡಿ. ಮ್ಯಾನಿಫೋಲ್ಡಿನ ಮೇಲಿನ ತಗಡಿನ ಹೊದಿಕೆಯ ಹಿಂದೆ ಗಾಳಿ ಆಡುವುದಿಲ್ಲ, ಆವಿ ಅಲ್ಲೇ ನಿಲ್ಲುತ್ತದೆ. ಅದು ಮುಚ್ಚಿದ ಪಾತ್ರೆಗೆ ಹತ್ತಿರದ ಜಾಗ.

ಕಾರು ನಿಲ್ಲಿಸಿದ ಕೂಡಲೇ ಎಂಜಿನ್ ಸಂದಿ ತಣ್ಣಗಾಗಲು ಶುರುವಾಗುತ್ತದೆ ಅನ್ನುವುದೂ ತಪ್ಪು. ಓಡುವಾಗ ಎದುರು ಗಾಳಿ ಬಡಿದು ಸ್ವಲ್ಪ ಶಾಖ ಹೊರಗೆ ಹೋಗುತ್ತಿರುತ್ತದೆ. ನಿಂತ ಮೇಲೆ ಆ ಗಾಳಿ ಇಲ್ಲ. ಮ್ಯಾನಿಫೋಲ್ಡಿನ ಶಾಖ ಸುತ್ತಲಿನ ರಬ್ಬರು, ಪ್ಲಾಸ್ಟಿಕ್ಕಿಗೆ ಹರಡಿ, ಮೊದಲ ಕೆಲವು ನಿಮಿಷ ಸಂದಿಯೊಳಗೆ ಸೆಕೆ ಇನ್ನೂ ಜಾಸ್ತಿಯಾಗುತ್ತದೆ. ಗಾಡಿ ನಿಲ್ಲಿಸಿ ಕಾಫಿ ಕುಡಿದು ಬಂದು ಸ್ಪ್ರೇ ಹೊಡೆಯುವ ಹೊತ್ತೂ ಅದೇ.

ಕಿಡಿ ಎಲ್ಲೆಲ್ಲಿಂದ ಬರುತ್ತದೆ?

ಬೀಡಿ, ಸಿಗರೇಟು, ಬೆಂಕಿಕಡ್ಡಿ ಎಲ್ಲರಿಗೂ ಗೊತ್ತು. ಗ್ಯಾರೇಜಿನಲ್ಲಾದರೆ ಪಕ್ಕದಲ್ಲಿ ನಡೆಯುವ ವೆಲ್ಡಿಂಗು, ಗ್ರೈಂಡಿಂಗು ಕೂಡ ಕಣ್ಣಿಗೆ ಕಾಣುತ್ತದೆ. ಕಾಣದ ಕಿಡಿಗಳು ಗಾಡಿಯಲ್ಲೇ ಇವೆ.

ಸೆಲ್ಫ್ ಹೊಡೆದಾಗ ಸ್ಟಾರ್ಟರ್ ಮೋಟರಿನ ಕಾರ್ಬನ್ ಬ್ರಷ್‌ಗಳಲ್ಲಿ ಕಿಡಿ ಏಳುತ್ತದೆ. ಅದಕ್ಕೆ ಕರೆಂಟು ಕೊಡುವ ಸೊಲೆನಾಯ್ಡ್‌ನಲ್ಲೂ ಏಳುತ್ತದೆ. ಕರೆಂಟನ್ನು ಆನ್ ಆಫ್ ಮಾಡುವ ರಿಲೇ 'ಟಿಕ್' ಅಂದಾಗಲೆಲ್ಲ ಒಳಗೆ ಸಣ್ಣ ಕಿಡಿ. ಹಳೆಯದಾಗಿ ಬಿರುಕು ಬಿಟ್ಟ ಪ್ಲಗ್ ವೈರುಗಳಿಂದ ಕರೆಂಟು ಪಕ್ಕದ ಲೋಹಕ್ಕೆ ಹಾರುವುದನ್ನು ಕತ್ತಲಲ್ಲಿ ಬಾನೆಟ್ ಎತ್ತಿ ನೋಡಿದರೆ ಕಾಣಬಹುದು. ರೇಡಿಯೇಟರ್ ಫ್ಯಾನ್ ಇನ್ನೊಂದು. ಎಷ್ಟೋ ಕಾರುಗಳಲ್ಲಿ ಕೀ ತೆಗೆದ ಮೇಲೂ ಬಿಸಿ ಜಾಸ್ತಿ ಇದ್ದರೆ ಅದು ತಾನೇ ತಿರುಗಲು ಶುರುವಾಗುತ್ತದೆ. ಕಿಡಿಯ ಜೊತೆಗೆ ಬೆರಳಿಗೂ ಅಪಾಯ.

ಬ್ಯಾಟರಿಯ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಇಲ್ಲಿ ತಿಳಿದವರೂ ತಪ್ಪುವುದುಂಟು. ಟರ್ಮಿನಲ್ ಬಿಚ್ಚುವಾಗಲೂ ಹಾಕುವಾಗಲೂ ಅಲ್ಲೇ ಕಿಡಿ ಬರಬಹುದು. ಹಾಗಾಗಿ ಸ್ಪ್ರೇ ಹೊಡೆದ ಮೇಲೆ 'ಅಯ್ಯೋ, ಬ್ಯಾಟರಿ ಬಿಚ್ಚಿಲ್ಲ' ಅಂತ ಹೋಗಿ ಬಿಚ್ಚುವುದು ಸುಮ್ನೆ ಬಿಡುವುದಕ್ಕಿಂತ ಕೆಟ್ಟದ್ದು. ಬಿಚ್ಚುವುದಿದ್ದರೆ ಮೊದಲೇ ಬಿಚ್ಚಬೇಕು. ಮತ್ತೆ ಹಾಕುವುದು ಆವಿ ಪೂರ್ತಿ ಹೋದ ಮೇಲೆ. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಕಾರಿನ ಬಾಡಿ ಪೂರ್ತಿ ನೆಗೆಟಿವ್‌ಗೆ ಸೇರಿರುತ್ತದೆ. ಅದು ಜೋಡಿಕೊಂಡಿರುವಾಗಲೇ ಪಾಸಿಟಿವ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಗುಲಿದರೆ ನೇರ ಶಾರ್ಟ್. ನೆಗೆಟಿವ್ ಮೊದಲೇ ಬಿಚ್ಚಿದ್ದರೆ ತಗುಲಿದರೂ ಏನೂ ಆಗುವುದಿಲ್ಲ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ ಅನ್ನುವುದೂ ನೆನಪಿರಲಿ. ಅದಕ್ಕೆ ಗಾಳಿಯಲ್ಲಿ ಶೇ 4 ಇದ್ದರೆ ಸಾಕು, ಬೆಂಕಿ ಹಿಡಿಯುತ್ತದೆ.

ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡರೆ ಅದರಲ್ಲಿ ಹೈ ವೋಲ್ಟೇಜ್ ಇದೆ ಅಂತ ಅರ್ಥ. ಅದರ ಹತ್ತಿರ ಮನೆಯವರು ಸ್ಪ್ರೇ ಹಿಡಿಯುವುದೇ ಬೇಡ.

ಎಂಜಿನ್ ಓಡುತ್ತಿರುವಾಗ ಹೊಡೆಯುವ ಅಭ್ಯಾಸ

ಹಳೇ ಮೆಕ್ಯಾನಿಕ್‌ಗಳ ಕೈಯಲ್ಲಿ ಒಂದು ಉಪಾಯ ಇದೆ. ಎಂಜಿನ್ ನಡುಗುತ್ತಾ ಓಡುತ್ತಿದ್ದರೆ ಎಲ್ಲೋ ಹೊರಗಿನ ಗಾಳಿ ಒಳಗೆ ನುಗ್ಗುತ್ತಿದೆ ಅಂತ ಅನುಮಾನ. ಎಂಜಿನ್ ಓಡುತ್ತಿರುವಾಗಲೇ ಗಾಳಿ ಒಳಗೆ ಹೋಗುವ ಕೊಳವೆಯ ಜಾಯಿಂಟುಗಳಿಗೆ ಕಾರ್ಬ್ ಕ್ಲೀನರ್ ಹೊಡೆಯುತ್ತಾ ಹೋಗುತ್ತಾರೆ. ಬಿರುಕಿರುವ ಜಾಗಕ್ಕೆ ಸ್ಪ್ರೇ ಬಿದ್ದರೆ ಅದು ಒಳಗೆ ಎಳೆದುಕೊಂಡು ಹೋಗಿ ಇಂಧನದಂತೆ ಉರಿಯುತ್ತದೆ. ಎಂಜಿನ್ನಿನ ಸದ್ದು ಬದಲಾಗುತ್ತದೆ. ಬಿರುಕು ಸಿಕ್ಕಿತು!

ಉಪಾಯ ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಆ ಹೊತ್ತಿಗೆ ಏನೇನು ಒಟ್ಟಿಗೆ ಇದೆ ನೋಡಿ. ಕಾದ ಮ್ಯಾನಿಫೋಲ್ಡ್ ಇದೆ, ಕೆಲವು ಎಂಜಿನ್‌ಗಳಲ್ಲಿ ಅದು ಗಾಳಿ ಕೊಳವೆಯ ಪಕ್ಕದಲ್ಲೇ, ಕೈಯಳತೆಯಲ್ಲಿ ಇರುತ್ತದೆ. ಪ್ಲಗ್ ವೈರುಗಳಲ್ಲಿ ಸಾವಿರಾರು ವೋಲ್ಟ್ ಓಡುತ್ತಿದೆ. ಆಲ್ಟರ್ನೇಟರ್ ತಿರುಗುತ್ತಿದೆ. ಫ್ಯಾನ್ ಗಾಳಿ ಸ್ಪ್ರೇಯನ್ನು ನಾವು ಹಿಡಿದ ಕಡೆಯಿಂದ ಬೇರೆ ಕಡೆಗೆ ತಳ್ಳುತ್ತಿದೆ. ಸಾಲದ್ದಕ್ಕೆ, ಟೈಮಿಂಗ್ (ಕಿಡಿ ಹತ್ತುವ ಹೊತ್ತು) ಸರಿ ಇಲ್ಲದ ಎಂಜಿನ್ ಒಮ್ಮೊಮ್ಮೆ ಗಾಳಿ ಕೊಳವೆಯ ಕಡೆಗೇ ಬೆಂಕಿ ಉಗುಳುತ್ತದೆ. ಇದಕ್ಕೆ ಬ್ಯಾಕ್‌ಫೈರ್ ಅನ್ನುತ್ತಾರೆ. ಆಗ ಮುಖ ಅಲ್ಲೇ ಬಗ್ಗಿರುತ್ತದೆ, ಕೈಯಲ್ಲಿ ಡಬ್ಬ ಇರುತ್ತದೆ. ಹೊಗೆ ತುಂಬಿ ಸೋರಿಕೆ ಹುಡುಕುವ ಯಂತ್ರ ಈಗ ಎಷ್ಟೋ ಗ್ಯಾರೇಜುಗಳಲ್ಲಿದೆ. ಮನೆಯಲ್ಲಿ ಕಾರ್ಬ್ ಕ್ಲೀನರ್ ಹಿಡಿದು ಈ ಪ್ರಯೋಗ ಮಾಡುವುದಕ್ಕಿಂತ ಅಲ್ಲಿಗೆ ಒಯ್ಯುವುದು ಮೇಲು.

ಎಂಜಿನ್ ಓಡುವಾಗಲೇ ಬಳಸಿ ಅಂತ ತಯಾರಕರೇ ಬರೆದಿರುವ ಕೆಲವು ಇನ್‌ಟೇಕ್ ಕ್ಲೀನರುಗಳೂ ಇವೆ. ಅವು ಎಲ್ಲಿಗೆ, ಎಷ್ಟು, ಯಾವ ನಳಿಕೆಯಿಂದ ಅನ್ನುವುದನ್ನು ಡಬ್ಬದ ಮೇಲೆ ಹೇಳಿರುತ್ತಾರೆ. ಅದರಾಚೆ ನಮ್ಮ ಸ್ವಂತ ಬುದ್ಧಿ ಸೇರಿಸಬಾರದು.

ಸ್ಟಾರ್ಟಿಂಗ್ ಸ್ಪ್ರೇ ಬಗ್ಗೆ ಮಂಡ್ಯದ ಕಡೆಯ ಟ್ರ್ಯಾಕ್ಟರ್ ಮಾಲೀಕರಿಗೆ ಒಂದು ಮಾತು. ಗ್ಲೋ ಪ್ಲಗ್ (ಎಂಜಿನ್ ಒಳಗೆ ಕಾಯುವ ಸಣ್ಣ ಕಡ್ಡಿ) ಅಥವಾ ಗಾಳಿ ಬಿಸಿ ಮಾಡುವ ಹೀಟರ್ ಇರುವ ಡೀಸೆಲ್ ಎಂಜಿನ್‌ಗೆ ಈಥರ್ ಸ್ಪ್ರೇ ಹೊಡೆಯಬಾರದು. ಕೆಂಪಗೆ ಕಾದ ಆ ಕಡ್ಡಿಗೆ ಈಥರ್ ತಗುಲಿದರೆ ಪಿಸ್ಟನ್ ಮೇಲೆ ಬರುವ ಮೊದಲೇ ಹತ್ತಿಕೊಳ್ಳುತ್ತದೆ. ಪಿಸ್ಟನ್ ಒಡೆಯಬಹುದು, ಇಲ್ಲವೇ ಬೆಂಕಿ ಕೊಳವೆಯಿಂದ ಹೊರಗೆ ಬರಬಹುದು. ನಮ್ಮ ಹವೆಗೆ ಇದರ ಅಗತ್ಯವೂ ಬರುವುದು ಕಡಿಮೆ. ಸ್ಟಾರ್ಟ್ ಆಗುತ್ತಿಲ್ಲ ಅಂದರೆ ಬ್ಯಾಟರಿ, ಫಿಲ್ಟರ್, ಡೀಸೆಲ್ ಲೈನಿನಲ್ಲಿ ಗಾಳಿ ಇವನ್ನು ಮೊದಲು ನೋಡಿಸಿ.

ಬೆಂಕಿ ಹತ್ತದ ಸ್ಪ್ರೇ ಅಂತ ಬರೆದಿದ್ದರೆ?

ಕೆಲವು ಬ್ರೇಕ್ ಕ್ಲೀನರುಗಳ ಮೇಲೆ 'ನಾನ್ ಫ್ಲೇಮಬಲ್' ಅಂತ ಇರುತ್ತದೆ. ಅವುಗಳಲ್ಲಿ ಹಲವು ಕ್ಲೋರಿನ್ ಸೇರಿದ ದ್ರಾವಕದಿಂದ ಮಾಡಿದವು. ಟೆಟ್ರಾಕ್ಲೋರೋಎಥಿಲೀನ್, ಪರ್‌ಕ್ಲೋರೋಎಥಿಲೀನ್, ಮೆಥಿಲೀನ್ ಕ್ಲೋರೈಡ್ ಇಂಥ ಹೆಸರು ಕಂಡರೆ ಅದೇ. ಮೊದಲ ಎರಡೂ ಒಂದೇ ವಸ್ತುವಿನ ಹೆಸರುಗಳು. ಇವಕ್ಕೆ ಬೆಂಕಿ ಸುಲಭಕ್ಕೆ ಹತ್ತುವುದಿಲ್ಲ, ನಿಜ. ಆದರೆ ತುಂಬಾ ಕಾದ ಲೋಹಕ್ಕೋ, ವೆಲ್ಡಿಂಗ್ ಬೆಳಕಿಗೋ ಸಿಕ್ಕಿದರೆ ಇವು ಒಡೆದು ಫಾಸ್ಜೀನ್ ಎಂಬ ವಿಷಾನಿಲ ಆಗಬಹುದು. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟಿದ್ದು ಇದನ್ನೇ. ಉಸಿರಾಟದ ತೊಂದರೆ ಕೂಡಲೇ ಕಾಣದೆ ಗಂಟೆಗಳ ನಂತರ ಬರುವುದು ಇದರ ಲಕ್ಷಣ. ಇಂಥ ಸ್ಪ್ರೇ ಹೊಡೆದ ಭಾಗವನ್ನು ವೆಲ್ಡಿಂಗ್‌ಗೆ ಕೊಡುವುದಾದರೆ ಪೂರ್ತಿ ತೊಳೆದು ಒಣಗಿಸಲೇಬೇಕು, ಮತ್ತು ವೆಲ್ಡರ್‌ಗೆ ವಿಷಯ ಹೇಳಬೇಕು.

ಪೂಜೆಗೆ ಎಂಜಿನ್ ಚೊಕ್ಕಟ ಕಾಣಬೇಕು ಅನ್ನುವುದಷ್ಟೇ ಗುರಿಯಾದರೆ ಈ ಡಬ್ಬಗಳ ಹಂಗೇ ಬೇಡ. ಒತ್ತಿ ಹೊಡೆಯುವ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಆಧಾರದ ಡಿಗ್ರೀಸರ್ ಸಿಗುತ್ತದೆ. ಒಂದು ಬ್ರಷ್ಷು, ಒದ್ದೆ ಬಟ್ಟೆ, ಸ್ವಲ್ಪ ರೆಟ್ಟೆ ಬಲ. ನನ್ನ ಮಟ್ಟಿಗೆ ಮನೆಯ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ.

ಇಲಿ ಸ್ಪ್ರೇ ಹೊಡೆಯುವ ಹೊತ್ತು

ಮಂಡ್ಯ, ಶ್ರೀರಂಗಪಟ್ಟಣ, ಮದ್ದೂರು ಕಡೆ ಕಬ್ಬಿನ ಗದ್ದೆ ಪಕ್ಕ ಕಾರು ನಿಲ್ಲಿಸುವವರಿಗೆ ಇಲಿ ಕಾಟ ಹೇಳಬೇಕಾಗಿಲ್ಲ. ಬೆಚ್ಚಗಿನ ಎಂಜಿನ್ ಸಂದಿ ಅದಕ್ಕೆ ಒಳ್ಳೇ ಗೂಡು. ವೈರು ಕಡಿದರೆ ಸಾವಿರಾರು ರೂಪಾಯಿ ಖರ್ಚು. ಅದಕ್ಕೇ ಜನ ಇಲಿ ಓಡಿಸುವ ಸ್ಪ್ರೇ ತರುತ್ತಾರೆ. ಇವುಗಳಲ್ಲೂ ಉರಿಯುವ ಅನಿಲದ ಡಬ್ಬಗಳಿವೆ.

ಕಷ್ಟ ಇರುವುದು ಹೊತ್ತಿನಲ್ಲಿ. ಇಲಿ ಬರುವುದು ರಾತ್ರಿ. ಹಾಗಾಗಿ ಸಂಜೆ ಮನೆಗೆ ಬಂದು, ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ ಹೊಡೆದು, ಮುಚ್ಚಿ ಮಲಗುತ್ತಾರೆ. ಅಂದರೆ ಎಂಜಿನ್ ಅತಿ ಬಿಸಿ ಇರುವ ಹೊತ್ತಿನಲ್ಲಿ ಹೊಡೆದು, ಆವಿಯನ್ನು ಒಳಗೇ ಕೂಡಿಹಾಕಿದ ಹಾಗಾಯಿತು. ಬೆಳಿಗ್ಗೆ ತಣ್ಣಗಿರುವಾಗ ಹೊಡೆದು ಕೂಡಲೇ ಸೆಲ್ಫ್ ಹೊಡೆದರೂ ಅಷ್ಟೇ. ಗಾಡಿ ಹೊರಗೆ ತೆಗೆಯದ ಒಂದು ದಿನ ನೋಡಿಕೊಂಡು, ತಣ್ಣನೆಯ ಎಂಜಿನ್‌ಗೆ ಹೊಡೆದು, ಬಾನೆಟ್ ತೆರೆದೇ ಒಂದಷ್ಟು ಹೊತ್ತು ಬಿಡುವುದು ಸರಿಯಾದ ದಾರಿ.

ಹೊಡೆಯಲೇಬೇಕು ಅಂದಾಗ

ಮೊದಲು ಎಂಜಿನ್ ತಣಿಯಲಿ. ದೂರದಿಂದ ಬಂದ ಗಾಡಿಯಾದರೆ ಒಂದೆರಡು ಗಂಟೆ ಬೇಕು. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಮಾಡಿದರೆ ಯೋಚನೆಯೇ ಇಲ್ಲ. ಗಾಡಿಯನ್ನು ಮನೆ ಮುಂದಿನ ಬಯಲಿಗೆ ತನ್ನಿ, ಗೇಟಿನೊಳಗೆ ಮಾಡಿಗೆ ಅಂಟಿಕೊಂಡು ಬೇಡ. ಬಾನೆಟ್ ಪೂರ್ತಿ ಎತ್ತಿ ಕೋಲು ಕೊಡಿ. ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ, ಯಾರೋ ಮಕ್ಕಳು ಹೋಗಿ ತಿರುಗಿಸದ ಹಾಗೆ. ಬಟನ್ ಸ್ಟಾರ್ಟ್ ಗಾಡಿಯಾದರೆ ಕೀಯನ್ನು ಮನೆಯೊಳಗೇ ಇಟ್ಟು ಬನ್ನಿ.

ಡಬ್ಬವನ್ನು ಎಂಜಿನ್ ಕಡೆ ತಿರುಗಿಸುವುದಕ್ಕಿಂತ ಬಟ್ಟೆಗೆ ಹೊಡೆದು ಬಟ್ಟೆಯಿಂದ ಒರೆಸುವುದು ಎಷ್ಟೋ ಮೇಲು. ಗಾಳಿಗೆ ಹೋಗುವ ಮಂಜು ಕಡಿಮೆ, ಕಾಣದ ಸಂದಿಗೆ ಇಳಿಯುವುದೂ ಕಡಿಮೆ. ಸಂದಿಗೇ ಹೊಡೆಯಬೇಕಾದರೆ ಜೊತೆಗೆ ಬರುವ ಸಣ್ಣ ಕೆಂಪು ನಳಿಕೆ ಸಿಕ್ಕಿಸಿ, ಒಂದೊಂದು ಸೆಕೆಂಡು ಒತ್ತಿ ಬಿಡಿ. ಡಬ್ಬ ನೆಟ್ಟಗಿರಲಿ. ಬೋರಲು ಹಿಡಿದರೆ ಮಾಲಿಗಿಂತ ಅನಿಲವೇ ಜಾಸ್ತಿ ಹೊರಗೆ ಹೋಗುತ್ತದೆ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಇರಲಿ.

ಎಷ್ಟು ಹೊತ್ತು ಕಾಯಬೇಕು ಅಂತ ಡಬ್ಬದ ಮೇಲೆ ಬರೆದಿದ್ದರೆ ಅದೇ ಲೆಕ್ಕ. ಬರೆದಿಲ್ಲದಿದ್ದರೆ, ಒದ್ದೆ ಪೂರ್ತಿ ಆರಿ ವಾಸನೆ ಹೋದ ಮೇಲೂ ಬಾನೆಟ್ ತೆರೆದು ಕನಿಷ್ಠ ಅರ್ಧ ಗಂಟೆ ಬಿಡಿ ಅನ್ನುತ್ತೇನೆ. ಗಾಳಿ ಆಡದ ದಿನವಾದರೆ ಇನ್ನೂ ಜಾಸ್ತಿ. ಎಣ್ಣೆಯಂಥ ಸ್ಪ್ರೇ ಬೇಗ ಆರುವುದಿಲ್ಲ, ಉಳಿದದ್ದನ್ನು ಒರೆಸಿ ತೆಗೆಯಬೇಕು. ಒರೆಸಿದ ಬಟ್ಟೆಯನ್ನು ಕಾರಿನೊಳಗೆ ಎಸೆಯಬೇಡಿ, ಅದರಿಂದಲೂ ಆವಿ ಬರುತ್ತಿರುತ್ತದೆ.

ಆಯುಧಪೂಜೆಗೆ ಇದನ್ನು ಹೊಂದಿಸುವುದು ಕಷ್ಟವೇನಲ್ಲ. ಎಂಜಿನ್ ಕೆಲಸ ಹಿಂದಿನ ದಿನವೇ ಮುಗಿಸಿ. ಪೂಜೆಯ ದಿನ ಬರೀ ನೀರು, ಬಟ್ಟೆ. ಚೆಂಡುಹೂ, ಬಾಳೆಕಂದು ಕಟ್ಟಿ, ಆರತಿಯ ಹೊತ್ತಿಗೆ ಬಾನೆಟ್ ಮುಚ್ಚಿರಲಿ. ಡಬ್ಬಗಳೆಲ್ಲ ಅಲ್ಲಿಂದ ದೂರ ಹೋಗಿರಲಿ. ಗ್ಯಾರೇಜುಗಳಲ್ಲಿ ಸ್ಪ್ಯಾನರು, ಜಾಕಿಗಳ ಜೊತೆ ಸ್ಪ್ರೇ ಡಬ್ಬಗಳನ್ನೂ ಸಾಲಾಗಿ ಜೋಡಿಸಿ, ಕುಂಕುಮ ಇಟ್ಟು, ಅದರ ಮುಂದೆಯೇ ಕರ್ಪೂರ ಹಚ್ಚುವುದುಂಟು. ಅವನ್ನು ಆ ಸಾಲಿನಿಂದ ತೆಗೆದುಬಿಡಿ.

ಬಿಸಿಲಲ್ಲಿ ನಿಂತ ಕಾರಿನೊಳಗೆ

ಉರಿಯುವ ಅನಿಲ ತುಂಬಿದ ಡಬ್ಬದ ಒಳಗಿನ ಒತ್ತಡ ಸಾಧಾರಣ ಹವೆಯಲ್ಲಿ ಸುಮಾರು 40ರಿಂದ 70 ಪಿಎಸ್‌ಐ. ಕಾರಿನ ಟೈರಿಗೆ ಹಾಕಿಸುವುದು 32ರ ಆಸುಪಾಸು. ಬಿಸಿ ಏರಿದಂತೆ ಡಬ್ಬದ ಒತ್ತಡವೂ ಏರುತ್ತದೆ. 50 ಡಿಗ್ರಿ ಮೀರಿದ ಕಡೆ ಇಡಬೇಡಿ ಅಂತ ಸಾಮಾನ್ಯವಾಗಿ ಡಬ್ಬಗಳ ಮೇಲೆ ಇರುವುದು ಅದಕ್ಕೆ. ಏಪ್ರಿಲ್ ಬಿಸಿಲಿಗೆ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಒಂದು ಗಂಟೆಯಲ್ಲಿ 50 ದಾಟುತ್ತದೆ. ನೇರ ಬಿಸಿಲು ಬೀಳುವ ಡ್ಯಾಶ್‌ಬೋರ್ಡ್ 70ರ ಹತ್ತಿರ ಹೋಗುತ್ತದೆ. ಡಬ್ಬ ಇಡಬೇಕಾದದ್ದು ಮನೆಯ ನೆರಳಿನ ಕಪಾಟಿನಲ್ಲಿ, ಒಲೆಯಿಂದ, ದೇವರ ದೀಪದಿಂದ, ಮಕ್ಕಳ ಕೈಯಿಂದ ದೂರ. ಕಾರಿನೊಳಗೆ ಹೊಡೆಯುವ ಸುಗಂಧದ ಸ್ಪ್ರೇಗೂ ಇದೇ ಮಾತು.

ಬೆಂಕಿ ಹತ್ತಿಬಿಟ್ಟರೆ

ಡಬ್ಬವನ್ನು ಕೈಬಿಟ್ಟು ದೂರ ಸರಿಯಿರಿ. ಗಾಡಿ ಓಡುತ್ತಿದ್ದರೆ, ಕೈಗೆ ಎಟಕುವಂತಿದ್ದರೆ, ಆಫ್ ಮಾಡಿ. ಎಲ್ಲರನ್ನೂ ದೂರ ಕಳಿಸಿ, 112ಕ್ಕೆ ಅಥವಾ ಅಗ್ನಿಶಾಮಕದ 101ಕ್ಕೆ ಫೋನ್ ಮಾಡಿ. ನೀರು ಎರಚಬೇಡಿ. ಉರಿಯುವ ಎಣ್ಣೆ, ಪೆಟ್ರೋಲು ನೀರಿನ ಮೇಲೆ ತೇಲಿ ಇನ್ನಷ್ಟು ಹರಡುತ್ತವೆ.

ಮುಚ್ಚಿದ ಬಾನೆಟ್ ಒಳಗೆ ಬೆಂಕಿ ಇದ್ದರೆ ಬಾನೆಟ್ ಎತ್ತಬಾರದು. ಎತ್ತಿದ ಕ್ಷಣ ಒಳಗೆ ಗಾಳಿ ನುಗ್ಗಿ ಉರಿ ಮುಖಕ್ಕೇ ಬರುತ್ತದೆ. ಎಬಿಸಿ ಪುಡಿಯ ಬೆಂಕಿ ಆರಿಸುವ ಸಿಲಿಂಡರ್ ಇದ್ದರೆ ಬಾನೆಟ್ ಸಂದಿಯಿಂದ, ಗ್ರಿಲ್‌ನಿಂದ ಉರಿಯ ಬುಡಕ್ಕೆ ಹೊಡೆಯಬಹುದು. ಒಂದು ಕಿಲೋದ ಸಿಲಿಂಡರ್ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಖಾಲಿಯಾಗಿಬಿಡುತ್ತದೆ. ಅಷ್ಟರಲ್ಲಿ ಆರದಿದ್ದರೆ ಗಾಡಿ ಹೋದರೆ ಹೋಗಲಿ, ಹಿಂದೆ ಸರಿಯಬೇಕು. ಉರಿಯ ಹತ್ತಿರ ಸ್ಪ್ರೇ ಡಬ್ಬ ಬಿದ್ದಿದ್ದರೆ ಆ ಕಡೆಗೆ ಹೋಗಲೇಬಾರದು. ಬಿಸಿಗೆ ಡಬ್ಬ ಸಿಡಿದು ತಗಡಿನ ಚೂರು ದೂರಕ್ಕೆ ಹಾರುತ್ತದೆ, ಒಳಗಿನದ್ದು ಬೆಂಕಿಯ ಉಂಡೆಯಾಗುತ್ತದೆ.

ಮೈ ಸುಟ್ಟರೆ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟು, ಬೆಣ್ಣೆ, ಇಂಕು, ಐಸು ಯಾವುದೂ ಬೇಡ. ಆಮೇಲೆ ಆಸ್ಪತ್ರೆ.

ಖಾಲಿ ಡಬ್ಬ

ಒತ್ತಿದರೆ ಏನೂ ಬರುತ್ತಿಲ್ಲ ಅಂದರೂ ಒಳಗೆ ಸ್ವಲ್ಪ ಅನಿಲ ಉಳಿದಿರುತ್ತದೆ. ಮೊಳೆ ಹೊಡೆದು ತೂತು ಮಾಡಬೇಡಿ. ಮೊಳೆ ತಗಡನ್ನು ಸೀಳುವಾಗಲೇ ಕಿಡಿ ಬರಬಹುದು. ಒಣ ಎಲೆಗೆ, ಕಬ್ಬಿನ ತರಗಿಗೆ ಬೆಂಕಿ ಹಾಕುವಾಗ ಅದರೊಳಗೆ ಇಂಥ ಡಬ್ಬ ಸೇರಿಲ್ಲ ಅಂತ ನೋಡಿಕೊಳ್ಳಿ. ಕಸದ ಗಾಡಿಗೆ ಕೊಡುವಾಗ ಬೇರೆ ಕವರಿನಲ್ಲಿ ಹಾಕಿ, 'ಅಣ್ಣ, ಇದರಲ್ಲಿ ಸ್ಪ್ರೇ ಡಬ್ಬ ಇದೆ' ಅಂತ ಬಾಯಿಬಿಟ್ಟು ಹೇಳಿ. ಗಾಡಿಯಲ್ಲಿ ಕಸ ಒತ್ತುವ ಯಂತ್ರ ಇದ್ದರೆ ಪೌರಕಾರ್ಮಿಕರು ಅದನ್ನು ಅದಕ್ಕೆ ಹಾಕದೆ ಪಕ್ಕಕ್ಕೆ ಇಟ್ಟುಕೊಳ್ಳುತ್ತಾರೆ.